ದಾವಣಗೆರೆ ಮತ್ತು ಹರಿಹರಕ್ಕೆ ಕೆಲಸದ ನಿಮಿತ್ತ ಬರುವವರಿಗೆ ಮಿತವ್ಯಯದ ಊಟ-ಉಪಾಹಾರ: ಸಾರ್ವಜನಿಕ ಮಾಹಿತಿ

ಪೀಠಿಕೆ

ದಾವಣಗೆರೆಯು 1997ರ ಆಗಸ್ಟ್ 15ರಂದು ಚಿತ್ರದುರ್ಗ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಅಂದಿನಿಂದ ಜಿಲ್ಲಾ ಮಟ್ಟದ ಕಚೇರಿಗಳು, ನ್ಯಾಯಾಲಯಗಳು, ಜಿಲ್ಲಾ ಆಸ್ಪತ್ರೆ, ಕೃಷಿ ಉತ್ಪನ್ನ ಮಾರುಕಟ್ಟೆ ಮತ್ತು ಕಾಲೇಜುಗಳಿಗಾಗಿ ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಹಾಗೂ ಜಗಳೂರು ತಾಲ್ಲೂಕುಗಳ ಜನರು ಪ್ರತಿದಿನ ಈ ನಗರಕ್ಕೆ ಬರುತ್ತಾರೆ. ನೆರೆಯ ಜಿಲ್ಲೆಗಳಿಂದಲೂ ಚಿಕಿತ್ಸೆಗಾಗಿ ಬರುವವರು ಅನೇಕರು.

ಕಚೇರಿಯ ಕೆಲಸ ಒಂದೇ ಭೇಟಿಯಲ್ಲಿ ಮುಗಿಯುತ್ತದೆಂಬ ಭರವಸೆ ಇರುವುದಿಲ್ಲ. ಆಸ್ಪತ್ರೆಗೆ ದಾಖಲಾದ ರೋಗಿಗೆ ಅಲ್ಲಿಯೇ ಆಹಾರ ದೊರೆತರೂ, ಜೊತೆಗಿರುವವರು ತಮ್ಮ ಊಟವನ್ನು ಹೊರಗೆ ನೋಡಿಕೊಳ್ಳಬೇಕಾಗುತ್ತದೆ. ದಿನಗೂಲಿಯನ್ನು ಬಿಟ್ಟು ಬಂದವರು ಊಟದ ಖರ್ಚಿಗೆ ಅಂಜಿ ಉಪವಾಸವಿರುವುದು, ಅಥವಾ ಗಡಿಬಿಡಿಯಲ್ಲಿ ಸಿಕ್ಕಿದ ಕಡೆ ಹೆಚ್ಚು ಹಣ ತೆತ್ತು ಊಟ ಮಾಡುವುದು ಸಾಮಾನ್ಯ. ಸರಿಯಾದ ವೇಳೆ ಮತ್ತು ಸರಿಯಾದ ಸ್ಥಳವನ್ನು ತಿಳಿದಿದ್ದಲ್ಲಿ ಇವೆರಡನ್ನೂ ತಪ್ಪಿಸಬಹುದಾಗಿದೆ. ಈ ದೃಷ್ಟಿಯಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಇಂದಿರಾ ಕ್ಯಾಂಟೀನ್

ಕಡಿಮೆ ದರದಲ್ಲಿ ಸಿದ್ಧ ಆಹಾರ ಒದಗಿಸುವ ಈ ಯೋಜನೆಯು 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭಗೊಂಡು, ತರುವಾಯ ಇತರ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ವಿಸ್ತರಿಸಲ್ಪಟ್ಟಿತು. ದಾವಣಗೆರೆ ನಗರದಲ್ಲಿಯೂ ಇಂದಿರಾ ಕ್ಯಾಂಟೀನ್‌ಗಳಿವೆ. ದರಗಳು ಹೀಗಿವೆ:

ಬೆಳಗಿನ ಉಪಾಹಾರ: 5 ರೂ.
ಮಧ್ಯಾಹ್ನದ ಊಟ: 10 ರೂ.
ರಾತ್ರಿಯ ಊಟ: 10 ರೂ.

ಅಂದರೆ ಮೂರು ಹೊತ್ತಿಗೆ ಒಬ್ಬರಿಗೆ ತಗಲುವ ವೆಚ್ಚ 25 ರೂ. ಮಾತ್ರ. ಉಳಿದ ವೆಚ್ಚವು ಸರ್ಕಾರ ಮತ್ತು ನಗರ ಸ್ಥಳೀಯ ಸಂಸ್ಥೆಗಳಿಂದ ಭರಿಸಲ್ಪಡುತ್ತದೆ. ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಅಥವಾ ಗುರುತಿನ ಚೀಟಿಯನ್ನು ತೋರಿಸುವ ಅವಶ್ಯಕತೆ ಇಲ್ಲ. ಯಾವ ಊರಿನವರಾದರೂ ಸರದಿಯಲ್ಲಿ ನಿಂತು, ಟೋಕನ್ ಪಡೆದು ಊಟ ಮಾಡಬಹುದು.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಆಹಾರವು ಮೂರು ನಿಗದಿತ ವೇಳೆಗಳಲ್ಲಿ ಮಾತ್ರ, ಅದೂ ಆ ಹೊತ್ತಿಗೆ ಬಂದಷ್ಟು ಪ್ರಮಾಣ ಮುಗಿಯುವವರೆಗೆ ಮಾತ್ರ ದೊರೆಯುತ್ತದೆ. ಕಚೇರಿಗಳ ಮಧ್ಯಾಹ್ನದ ವಿರಾಮ ಆರಂಭವಾದೊಡನೆ ಎಲ್ಲ ಕಡೆ ಜನದಟ್ಟಣೆ ಹೆಚ್ಚುವುದರಿಂದ, ಊಟದ ಕೌಂಟರ್ ತೆರೆಯುವ ಹೊತ್ತಿಗೇ ತಲುಪುವುದು ಉತ್ತಮ. ಇಬ್ಬರು ಜೊತೆಯಾಗಿ ಬಂದಿದ್ದಲ್ಲಿ, ಒಬ್ಬರು ಕಚೇರಿ ಅಥವಾ ಆಸ್ಪತ್ರೆಯ ಸರದಿಯಲ್ಲಿದ್ದು ಮತ್ತೊಬ್ಬರು ಊಟ ಮುಗಿಸಿ ಬರುವಂತೆ ಸರದಿಯನ್ನು ಹಂಚಿಕೊಳ್ಳಬಹುದು. ಹತ್ತಿರದ ಕ್ಯಾಂಟೀನ್ ಎಲ್ಲಿದೆ ಹಾಗೂ ಅದರ ವೇಳೆ ಏನು ಎಂಬುದನ್ನು ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, ಹರಿಹರದಲ್ಲಿ ನಗರಸಭೆಯ ಕಚೇರಿಯಲ್ಲಿ ವಿಚಾರಿಸಬಹುದು. ಐದು ಮತ್ತು ಹತ್ತು ರೂಪಾಯಿಯ ಚಿಲ್ಲರೆ ಜೊತೆಯಲ್ಲಿದ್ದರೆ ಸರದಿ ಬೇಗ ಸಾಗುತ್ತದೆ.

2. ಖಾನಾವಳಿಗಳು

ದಾವಣಗೆರೆಯು ನಾಡಿನ ಮಧ್ಯಭಾಗದಲ್ಲಿರುವುದರಿಂದ ಉತ್ತರದ ಜೋಳದ ರೊಟ್ಟಿಯೂ ದಕ್ಷಿಣದ ಅನ್ನ-ಸಾರೂ ಇಲ್ಲಿ ಒಂದೇ ತಟ್ಟೆಯಲ್ಲಿ ಸಿಗುತ್ತವೆ. ಖಾನಾವಳಿಯ ಊಟದಲ್ಲಿ ಸಾಮಾನ್ಯವಾಗಿ ರೊಟ್ಟಿ ಅಥವಾ ಚಪಾತಿ, ಕಾಳಿನ ಪಲ್ಯ, ಎಣ್ಣೆಗಾಯಿ ಇಲ್ಲವೇ ಝುಣಕ, ಶೇಂಗಾ ಚಟ್ನಿಪುಡಿ, ಹಸಿ ತರಕಾರಿ, ಅನ್ನ, ಸಾರು ಮತ್ತು ಮಜ್ಜಿಗೆ ಇರುತ್ತವೆ. ಬೆಳಿಗ್ಗೆ ಲಘು ಉಪಾಹಾರ ಮಾಡಿ, ಮಧ್ಯಾಹ್ನ ಇಂತಹ ಒಂದು ಪೂರ್ತಿ ಊಟ ಮಾಡಿದಲ್ಲಿ, ಊರಿಗೆ ಮರಳುವವರೆಗೆ ಮತ್ತೆ ಖರ್ಚು ಮಾಡುವ ಪ್ರಮೇಯ ಅಷ್ಟಾಗಿ ಬರುವುದಿಲ್ಲ.

ಕುಳಿತುಕೊಳ್ಳುವ ಮೊದಲು ಕೆಳಕಂಡ ವಿಷಯಗಳನ್ನು ಗಲ್ಲಾದಲ್ಲಿ ಕೇಳಿ ತಿಳಿದುಕೊಳ್ಳತಕ್ಕದ್ದು:

(ಅ) ಊಟದ ದರ ಎಷ್ಟು. ಆ ದರದಲ್ಲಿ ಎಷ್ಟು ರೊಟ್ಟಿ ಸೇರಿವೆ. ಹೆಚ್ಚಿನ ರೊಟ್ಟಿಗೆ ಪ್ರತ್ಯೇಕ ಹಣವಿದೆಯೇ.
(ಆ) ಅನ್ನ, ಸಾರು, ಪಲ್ಯಗಳನ್ನು ಮತ್ತೆ ಬಡಿಸುತ್ತಾರೆಯೇ, ಅಥವಾ ಒಮ್ಮೆ ಬಡಿಸಿದಷ್ಟೇ ಎಂಬ 'ಪ್ಲೇಟ್ ಊಟ'ವೇ.
(ಇ) ಮೊಸರು, ಹಪ್ಪಳ, ಸಿಹಿ ಇತ್ಯಾದಿ ಊಟದಲ್ಲಿ ಸೇರಿವೆಯೇ ಅಥವಾ ಬೇರೆ ದರವೇ.
(ಈ) ಪಾರ್ಸೆಲ್ ಕಟ್ಟಿಸಿದಲ್ಲಿ ಡಬ್ಬಿಗೆ ಹೆಚ್ಚಿನ ಹಣವಿದೆಯೇ.

ಕೇಳಿ ಕುಳಿತರೆ ಅನುಮಾನಕ್ಕೆ ಆಸ್ಪದವಿಲ್ಲ. ಊಟವಾದ ಮೇಲೆ ಬರುವ ತಕರಾರುಗಳು ಬಹುಪಾಲು ಇವೇ ನಾಲ್ಕು ವಿಷಯಗಳಿಗೆ ಸಂಬಂಧಿಸಿದವು. ಚಿಕ್ಕ ಮಕ್ಕಳೊಡನೆ ಬಂದವರು ಪ್ರತಿಯೊಬ್ಬರಿಗೂ ಪೂರ್ತಿ ಊಟ ಹೇಳುವ ಬದಲು, ಒಂದು ಊಟದ ಜೊತೆಗೆ ಬಿಡಿ ರೊಟ್ಟಿ ಅಥವಾ ಅನ್ನ ಕೊಡುವರೇ ಎಂದು ವಿಚಾರಿಸಬಹುದು.

3. ಬೆಣ್ಣೆ ದೋಸೆ ಹಾಗೂ ಮಂಡಕ್ಕಿ-ಮೆಣಸಿನಕಾಯಿ

ದಾವಣಗೆರೆಯ ಹೆಸರಿನೊಡನೆ ಸೇರಿಹೋಗಿರುವ ಬೆಣ್ಣೆ ದೋಸೆಯನ್ನು ಕಾಯಿ ಚಟ್ನಿ ಮತ್ತು ಆಲೂಗಡ್ಡೆ ಪಲ್ಯದೊಡನೆ ಕೊಡಲಾಗುತ್ತದೆ. ಹೊಸಬರು ದರಪಟ್ಟಿಯಲ್ಲಿನ ವ್ಯತ್ಯಾಸಗಳನ್ನು ಗಮನಿಸಬೇಕು: 'ಬೆಣ್ಣೆ', 'ಓಪನ್' ಮತ್ತು 'ಖಾಲಿ' ದೋಸೆಗಳು ಬೇರೆ ಬೇರೆಯಾಗಿದ್ದು, ಅವುಗಳ ದರವೂ ಬೇರೆಯಾಗಿರಬಹುದು. ದೋಸೆಯು ಉಪಾಹಾರವೇ ಹೊರತು ಪೂರ್ತಿ ಊಟವಲ್ಲ. ಹಸಿದ ಹೊಟ್ಟೆಗೆ ಎರಡು-ಮೂರು ದೋಸೆ ಹೇಳಿದಲ್ಲಿ ಬಿಲ್ಲು ಖಾನಾವಳಿಯ ಊಟವನ್ನು ಮೀರಬಹುದು. ಕಾರಣ, ಇದನ್ನು ಬೆಳಗಿನ ಅಥವಾ ಸಂಜೆಯ ತಿಂಡಿಯಾಗಿ ಲೆಕ್ಕ ಹಿಡಿಯುವುದು ಸೂಕ್ತ.

ಸಂಜೆಯ ಹೊತ್ತಿಗೆ ಅತಿ ಕಡಿಮೆ ಖರ್ಚಿನ ತಿಂಡಿ ಮಂಡಕ್ಕಿ-ಮೆಣಸಿನಕಾಯಿ. ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ಈ ನಗರದಲ್ಲಿ ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ನರ್ಗೀಸ್ ಮಂಡಕ್ಕಿಗಳು ಬಿಸಿ ಮೆಣಸಿನಕಾಯಿ ಬಜ್ಜಿಯೊಡನೆ ಬೀದಿಬದಿಯ ಅಂಗಡಿಗಳಲ್ಲಿ ದೊರೆಯುತ್ತವೆ. ಎದುರಿನಲ್ಲಿಯೇ ಕರಿದು ಕೊಡುವ, ತಿನಿಸನ್ನು ಮುಚ್ಚಿಟ್ಟಿರುವ ಅಂಗಡಿಯನ್ನು ಆಯ್ದುಕೊಳ್ಳುವುದು ಆರೋಗ್ಯಕ್ಕೆ ಹಿತ. ಒಣ ಮಂಡಕ್ಕಿಯು ಕೆಡದೆ ಉಳಿಯುವುದರಿಂದ ಆಸ್ಪತ್ರೆಯಲ್ಲಿ ರಾತ್ರಿ ತಂಗುವವರು ಒಂದು ಪೊಟ್ಟಣ ಕೊಂಡಿಟ್ಟುಕೊಳ್ಳಬಹುದು.

4. ಹರಿಹರದಲ್ಲಿ

ಹರಿಹರವು ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದಲ್ಲಿ, ತುಂಗಭದ್ರಾ ನದಿಯ ದಡದಲ್ಲಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ದರ್ಶನಕ್ಕೆ ಬರುವವರು, ತಾಲ್ಲೂಕು ಕಚೇರಿಯ ಕೆಲಸಕ್ಕೆ ಬರುವವರು ಹಾಗೂ ರೈಲು-ಬಸ್ಸು ಬದಲಿಸುವವರು ಇಲ್ಲಿ ಊಟಕ್ಕೆ ನಿಲ್ಲುತ್ತಾರೆ. ಊರು ಚಿಕ್ಕದಾದ್ದರಿಂದ ಮೊದಲು ಕಂಡ ಹೋಟೆಲಿಗೇ ಹೋಗದೆ, ಒಂದೆರಡು ಕಡೆ ದರ ವಿಚಾರಿಸಿ ಹೋಗುವುದು ಕಷ್ಟವೇನಲ್ಲ. ಮಠ, ದೇವಸ್ಥಾನಗಳಲ್ಲಿ ದಾಸೋಹವಿದ್ದಲ್ಲಿ ಭಕ್ತರೆಲ್ಲರಿಗೂ ಮುಕ್ತವಾಗಿರುತ್ತದೆ. ಆದರೆ ದಿನ ಮತ್ತು ವೇಳೆಯನ್ನು ಸ್ಥಳದಲ್ಲಿಯೇ ವಿಚಾರಿಸಿಕೊಳ್ಳಬೇಕು.

ಎರಡೂ ಊರುಗಳ ನಡುವೆ ಬಸ್ಸುಗಳ ಓಡಾಟ ಹೆಚ್ಚಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ 'ಶಕ್ತಿ' ಯೋಜನೆಯಡಿ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಖಾಸಗಿ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಊಟದ ಖರ್ಚನ್ನು ಲೆಕ್ಕ ಹಾಕುವಾಗ ಇದನ್ನೂ ಗಮನಿಸಬಹುದು.

5. ಬಿಲ್ಲನ್ನು ಪರಿಶೀಲಿಸುವ ವಿಧಾನ

ಊಟದ ದರ ಕಡಿಮೆ ಇದ್ದರೂ ಬಿಲ್ಲಿನಲ್ಲಿ ಸೇರುವ ಇತರ ಮೊತ್ತಗಳಿಂದ ಖರ್ಚು ಏರುವುದುಂಟು. ಗ್ರಾಹಕರು ತಿಳಿದಿರಬೇಕಾದ ಅಂಶಗಳು:

ಸರಕು ಮತ್ತು ಸೇವಾ ತೆರಿಗೆ: ಸಾಮಾನ್ಯ ಹೋಟೆಲುಗಳಲ್ಲಿ ಊಟ-ಉಪಾಹಾರದ ಮೇಲೆ ಜಿಎಸ್‌ಟಿ ದರ ಶೇ. 5. ಉದಾಹರಣೆಗೆ, 80 ರೂ. ಊಟಕ್ಕೆ ಕೇಂದ್ರದ ಪಾಲು 2 ರೂ., ರಾಜ್ಯದ ಪಾಲು 2 ರೂ. ಸೇರಿ ಒಟ್ಟು 84 ರೂ. ಆಗುತ್ತದೆ. ಜಿಎಸ್‌ಟಿ ಹಾಕಿದ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ನೋಂದಾಯಿತವಾದ ಸಂಖ್ಯೆಯು 29ರಿಂದ ಆರಂಭವಾಗುತ್ತದೆ. ನೋಂದಣಿ ಇಲ್ಲದ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವವರು ತೆರಿಗೆಯನ್ನು ತಾವೇ ಭರಿಸಬೇಕೇ ಹೊರತು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಸೇರಿಸುವಂತಿಲ್ಲ.

ಸೇವಾ ಶುಲ್ಕ: ಸರ್ವಿಸ್ ಚಾರ್ಜ್ ಎಂಬುದು ತೆರಿಗೆಯಲ್ಲ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲುಗಳು ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಈ ಮಾರ್ಗಸೂಚಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಎತ್ತಿಹಿಡಿದಿದೆ. ಬಡಿಸಿದವರಿಗೆ ಭಕ್ಷೀಸು ನೀಡುವುದು ಗ್ರಾಹಕರ ಇಚ್ಛೆಗೆ ಬಿಟ್ಟ ವಿಷಯ.

ನೀರಿನ ಬಾಟಲಿ: ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ಆದರೆ ಹೋಟೆಲಿನಲ್ಲಿ ಕುಳಿತು ಸೇವಿಸುವಾಗ ಈ ನಿರ್ಬಂಧ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಆದ್ದರಿಂದ ಮೇಜಿನ ಮೇಲೆ ತಂದಿಟ್ಟ ಬಾಟಲಿಯನ್ನು ತೆರೆಯುವ ಮೊದಲು ದರ ಕೇಳುವುದು, ಇಲ್ಲವೇ ಲೋಟದ ನೀರನ್ನೇ ಕೇಳಿ ಪಡೆಯುವುದು ಲೇಸು. ಮನೆಯಿಂದ ತಂದ ಬಾಟಲಿಯನ್ನು ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸಿಕೊಂಡಲ್ಲಿ ಈ ಖರ್ಚೂ ಉಳಿಯುತ್ತದೆ.

6. ಶುಚಿತ್ವ

ಕಡಿಮೆ ದರವೆಂದರೆ ಕಳಪೆ ಆಹಾರವೆಂದು ಅರ್ಥವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಆಹಾರ ಮಾರುವ ಪ್ರತಿಯೊಬ್ಬರೂ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು ಗ್ರಾಹಕರಿಗೆ ಕಾಣುವಂತೆ ಪ್ರದರ್ಶಿಸಬೇಕು. 2022ರ ಜನವರಿ 1ರಿಂದ ಬಿಲ್ಲಿನಲ್ಲಿಯೂ ಈ ಸಂಖ್ಯೆಯನ್ನು ನಮೂದಿಸುವುದು ಕಡ್ಡಾಯ. ಬಿಸಿಯಾಗಿ ಬಡಿಸುವ, ಜನರು ನಿರಂತರವಾಗಿ ಬಂದುಹೋಗುವ ಸ್ಥಳದಲ್ಲಿ ಆಹಾರ ಬಹಳ ಹೊತ್ತು ಉಳಿಯುವುದಿಲ್ಲ. ವೃದ್ಧರು, ಗರ್ಭಿಣಿಯರು ಮತ್ತು ರೋಗಿಗಳ ಜೊತೆಗಿರುವವರು ಮುಚ್ಚಿಡದ ಹೆಚ್ಚಿದ ಹಣ್ಣು ಹಾಗೂ ತಣ್ಣಗಾದ ಅನ್ನದ ಪದಾರ್ಥಗಳಿಂದ ದೂರವಿರುವುದು ಉಚಿತ.

7. ದೂರು ಸಲ್ಲಿಸುವ ಕ್ರಮ

ಬಿಲ್ಲಿನಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಮೊದಲು ಹೋಟೆಲಿನ ವ್ಯವಸ್ಥಾಪಕರ ಗಮನಕ್ಕೆ ತಂದು ಸರಿಪಡಿಸಲು ಕೋರಬೇಕು. ಬಹುತೇಕ ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ಪರಿಹಾರ ದೊರೆಯದಿದ್ದಲ್ಲಿ ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಹಾರದ ಗುಣಮಟ್ಟದ ಬಗ್ಗೆ ದೂರಿದ್ದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ಸಂಖ್ಯೆ 1800112100ನ್ನು ಸಂಪರ್ಕಿಸಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂ.ವರೆಗಿನ ಪ್ರಕರಣಗಳಿಗೆ ದೂರು ಶುಲ್ಕ ಇರುವುದಿಲ್ಲ. ಊಟದ ಮೊತ್ತ ಸಣ್ಣದೆಂಬ ಕಾರಣಕ್ಕೆ ದೂರು ನೀಡಲು ಹಿಂಜರಿಯಬೇಕಾಗಿಲ್ಲ.

8. ಸಾರಾಂಶ

ಕೆಲಸದ ದಿನ ಮನೆಯಿಂದ ಹೊರಡುವ ಮೊದಲು ನೀರಿನ ಬಾಟಲಿ ಮತ್ತು ಚಿಲ್ಲರೆ ಹಣವನ್ನು ಜೊತೆಗಿಟ್ಟುಕೊಳ್ಳುವುದು. ಕಚೇರಿಗೆ ಹೋಗುವ ಮುನ್ನ ಉಪಾಹಾರ ಮುಗಿಸುವುದು. ಮಧ್ಯಾಹ್ನ ಇಂದಿರಾ ಕ್ಯಾಂಟೀನ್ ಅಥವಾ ಖಾನಾವಳಿಗೆ ವೇಳೆಗೆ ಮುಂಚಿತವಾಗಿ ತಲುಪುವುದು. ದರ ಕೇಳಿ ಕುಳಿತುಕೊಳ್ಳುವುದು. ಬಿಲ್ಲು ನೋಡಿ ಹಣ ಕೊಡುವುದು. ಇಷ್ಟನ್ನು ಪಾಲಿಸಿದಲ್ಲಿ ದಾವಣಗೆರೆ ಮತ್ತು ಹರಿಹರಕ್ಕೆ ಬಂದವರು ಅಂದಿನ ಕೂಲಿಯನ್ನು ಊಟಕ್ಕೇ ತೆರದೆ, ಹಸಿದೂ ಇರದೆ, ತಮ್ಮ ಕೆಲಸವನ್ನು ಮುಗಿಸಿಕೊಂಡು ಮರಳಬಹುದಾಗಿದೆ.