ನಾವು ನಕ್ಕಿದ್ದು ಯಾರನ್ನು ನೋಡಿ?

ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿ ಕಬ್ಬಿನ ಗದ್ದೆಗಳ ಊರು. ಕಾವೇರಿ ಹತ್ತಿರದಲ್ಲೇ ಹರಿಯುತ್ತಾಳೆ, ರಂಗನತಿಟ್ಟಿನ ಹಕ್ಕಿಗಳು ಕೂಗಳತೆಯಲ್ಲಿವೆ. ಈ ಸೀಮೆಯ ಹಳ್ಳಿಗಳಲ್ಲಿ ಒಂದು ಮಾತಿದೆ: ‘ಗಾಳಿ ಮೆಟ್ಟಿಕೊಂಡಿದೆ.’ ಮನೆಯ ಸೊಸೆ ಇದ್ದಕ್ಕಿದ್ದಂತೆ ದನಿ ಬದಲಿಸಿ ಮಾತನಾಡಿದರೆ, ತಾನು ತಾನಲ್ಲ ಎಂದರೆ, ಗಂಡನನ್ನೇ ಗುರುತಿಸದೆ ದಿಟ್ಟಿಸಿದರೆ ಹಿರಿಯರ ಬಾಯಿಗೆ ಮೊದಲು ಬರುತ್ತಿದ್ದುದು ಈ ಮಾತೇ. ಅದರ ಹಿಂದೆಯೇ ಬೇವಿನ ಸೊಪ್ಪು, ತಾಯಿತ, ಯಂತ್ರ. ಗಾಳಿ ಬಿಡಿಸುವವನು ಒರಟನಾಗಿದ್ದರೆ ಏಟು. ಆ ಏಟು ಬೀಳುತ್ತಿದ್ದುದು ಗಾಳಿಗಲ್ಲ, ಹೆಣ್ಣಿನ ಮೈಗೆ.

ಇಂಥ ನಂಬಿಕೆಯ ನಾಡಿನಲ್ಲಿ ಒಂದು ಚಿತ್ರ ಜನರನ್ನು ಎರಡೂವರೆ ಗಂಟೆ ಹೆದರಿಸಿ, ನಗಿಸಿ, ಕೊನೆಗೆ ‘ಇದು ದೆವ್ವವಲ್ಲ, ಕಾಯಿಲೆ’ ಎಂದು ಹೇಳಿತು. ಜನ ಮತ್ತೆ ಮತ್ತೆ ಟಿಕೆಟ್ ಕೊಂಡು ಆ ಮಾತನ್ನು ಕೇಳಿಸಿಕೊಂಡರು. 2004ರ ಆಗಸ್ಟ್‌ನಲ್ಲಿ ತೆರೆಕಂಡ ‘ಆಪ್ತಮಿತ್ರ’ ಕನ್ನಡದ ಬಹುದೊಡ್ಡ ಯಶಸ್ಸುಗಳಲ್ಲಿ ಒಂದು. ಹಾಡು, ಹಾಸ್ಯ ಮತ್ತು ವಿಷ್ಣುವರ್ಧನ್ ಅವರ ವರ್ಚಸ್ಸು ಇದಕ್ಕೆ ಕಾರಣವೆಂಬುದು ನಿಜ. ಆದರೆ ಆ ನಗೆಯ ಹಿಂದಿನ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಉಪಯುಕ್ತ.

ಕತೆ ಮೂಲತಃ ಕೇರಳದ್ದು. ಮಧು ಮುಟ್ಟಂ ಬರೆದು ಫಾಜಿಲ್ ನಿರ್ದೇಶಿಸಿದ ಮಲಯಾಳಂನ ‘ಮಣಿಚಿತ್ರತಾಳ್’ 1993ರ ಕೊನೆಯಲ್ಲಿ ಬಿಡುಗಡೆಯಾಯಿತು. ನಾಯಕಿ ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಹನ್ನೊಂದು ವರ್ಷಗಳ ಬಳಿಕ ಅದನ್ನು ಕನ್ನಡಕ್ಕೆ ತಂದವರು ಹುಣಸೂರು ಮೂಲದ ದ್ವಾರಕೀಶ್. ಸಾಲು ಸೋಲುಗಳಿಂದ ಬಸವಳಿದಿದ್ದ ನಿರ್ಮಾಪಕ ಅವರು. ನಿರ್ದೇಶನ ಪಿ. ವಾಸು ಅವರದು. ಮುಂದಿನ ವರ್ಷ ವಾಸು ಇದೇ ಕತೆಯನ್ನು ರಜನಿಕಾಂತ್ ಅವರಿಗಾಗಿ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದರು. 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’ ಬಂತು.

ಕತೆಯನ್ನು ನೆನಪಿಸಿಕೊಳ್ಳೋಣ. ಹಳೆಯ ಅರಮನೆಯೊಂದನ್ನು ಕೊಂಡ ಯುವ ದಂಪತಿ ಅಲ್ಲಿ ಸಂಸಾರ ಹೂಡುತ್ತಾರೆ. ಹಿಂದೊಮ್ಮೆ ಅಲ್ಲಿ ರಾಜನೊಬ್ಬ ನಾಗವಲ್ಲಿ ಎಂಬ ನರ್ತಕಿಯನ್ನೂ ಅವಳ ಪ್ರಿಯಕರನನ್ನೂ ಕೊಲ್ಲಿಸಿದ್ದನೆಂಬುದು ಐತಿಹ್ಯ. ಬೀಗ ಹಾಕಿದ ಕೋಣೆ ತೆರೆಯುತ್ತದೆ, ಮನೆಯಲ್ಲಿ ವಿಚಿತ್ರಗಳು ಶುರುವಾಗುತ್ತವೆ. ಗಂಡನ ಗೆಳೆಯನಾದ ಮನೋವೈದ್ಯ ಬರುತ್ತಾನೆ. ಪ್ರೇಮಾ ನಟಿಸಿದ ಹುಡುಗಿಯ ಮೇಲೆ ಎಲ್ಲರಿಗೂ ಅನುಮಾನ. ನಿಜವಾಗಿ ಕಾಯಿಲೆ ಇರುವುದು ಮನೆಯೊಡತಿ ಗಂಗಾಗೆ, ಅಂದರೆ ಸೌಂದರ್ಯಾ ವಹಿಸಿದ ಪಾತ್ರಕ್ಕೆ. ಕೇಳಿದ ಐತಿಹ್ಯವನ್ನು ತನ್ನೊಳಗೆ ಎಳೆದುಕೊಂಡ ಆಕೆ ರಾತ್ರಿಯಾದರೆ ನಾಗವಲ್ಲಿಯಾಗುತ್ತಾಳೆ, ತೆಲುಗಿನಲ್ಲಿ ಮಾತನಾಡುತ್ತಾಳೆ. ಬೆಳಗಾದರೆ ಅವಳಿಗೆ ಯಾವುದೂ ನೆನಪಿಲ್ಲ.

ಒಂದೇ ಮೈಯಲ್ಲಿ ಇಬ್ಬರು ಎಂಬ ಈ ಕಲ್ಪನೆಗೆ ಜಗತ್ತಿನ ಸಾಹಿತ್ಯದಲ್ಲಿ ಪ್ರಸಿದ್ಧ ಪೂರ್ವಜನೊಬ್ಬನಿದ್ದಾನೆ. 1886ರಲ್ಲಿ ರಾಬರ್ಟ್ ಲೂಯಿ ಸ್ಟೀವನ್ಸನ್ ಬರೆದ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್‌ರ ಕತೆಯಲ್ಲಿ ಸಭ್ಯ ವೈದ್ಯನೊಬ್ಬ ಔಷಧ ಕುಡಿದು ಕ್ರೂರಿಯಾಗುತ್ತಾನೆ. 1963ರಲ್ಲಿ ಅಮೆರಿಕದ ಹಾಸ್ಯನಟ ಜೆರಿ ಲೂಯಿಸ್ ‘ದಿ ನಟ್ಟಿ ಪ್ರೊಫೆಸರ್’ ಚಿತ್ರದಲ್ಲಿ ಇದನ್ನು ತಲೆಕೆಳಗು ಮಾಡಿದ. ಅಲ್ಲಿ ಪೆದ್ದುಪೆದ್ದಾದ ಮೇಷ್ಟ್ರು ಔಷಧ ಕುಡಿದು ಸುಂದರನೂ ಠೇಂಕಾರದವನೂ ಆಗುತ್ತಾನೆ. ರಾಕ್ಷಸ ಕುರೂಪಿಯೇ ಆಗಬೇಕಿಲ್ಲ, ಎಲ್ಲರೂ ಮೆಚ್ಚುವ ಚೆಲುವನಲ್ಲೂ ಇರಬಹುದು ಎಂಬುದು ಆ ಚಿತ್ರದ ತಮಾಷೆ. ಅದರ ತಿಳಿವಳಿಕೆಯೂ ಅದೇ. ಆದರೆ ಅಲ್ಲಿ ನಾವು ನಗುವುದು ಇಬ್ಭಾಗವಾದ ಮನುಷ್ಯನನ್ನು ನೋಡಿ.

‘ಆಪ್ತಮಿತ್ರ’ದ ಹೆಚ್ಚುಗಾರಿಕೆ ಇಲ್ಲಿದೆ. ಇದರಲ್ಲಿ ಗಂಗಾ ಒಮ್ಮೆಯೂ ನಗೆಪಾಟಲಾಗುವುದಿಲ್ಲ. ನಗೆಗೆ ಈಡಾಗುವವರು ದೆವ್ವಕ್ಕೆ ಹೆದರುವವರು. ಕತ್ತಲಲ್ಲಿ ನಡುಗುವ ದ್ವಾರಕೀಶ್ ಅವರ ಪಾತ್ರವನ್ನು ನೋಡಿ ನಗುವಾಗ ನಾವು ನಮ್ಮದೇ ಹೆದರಿಕೆಯನ್ನು ನೋಡಿ ನಗುತ್ತಿರುತ್ತೇವೆ. ನಕ್ಕು ಹಗುರಾದ ಮನಸ್ಸಿಗೆ ವೈದ್ಯ ಕೊನೆಯಲ್ಲಿ ಕೊಡುವ ವಿವರಣೆ ಸಲೀಸಾಗಿ ಇಳಿಯುತ್ತದೆ. ಅದೇ ವಿವರಣೆಯನ್ನು ಭಾಷಣವಾಗಿ ಕೊಟ್ಟಿದ್ದರೆ ಎಷ್ಟು ಜನ ಕೂತು ಕೇಳುತ್ತಿದ್ದರು?

ಇನ್ನೊಂದು ಜಾಣ್ಮೆಯೂ ಇದೆ. ಅವಿನಾಶ್ ನಟಿಸಿದ ಆಚಾರ್ಯರನ್ನು ಚಿತ್ರ ಢೋಂಗಿಯನ್ನಾಗಿ ಮಾಡುವುದಿಲ್ಲ. ಪೂಜೆಯ ಮಂಡಲ, ಹೊಗೆ, ಮಂತ್ರ ಎಲ್ಲವೂ ವೈದ್ಯನ ಉಪಾಯಕ್ಕೆ ರಂಗಸಜ್ಜಿಕೆಯಾಗುತ್ತವೆ. ಸೇಡು ತೀರಿಸಿಕೊಳ್ಳಲು ಹೊರಟ ನಾಗವಲ್ಲಿಯ ಮುಂದೆ ಬೊಂಬೆ ಬಂದು ನಿಲ್ಲುತ್ತದೆ. ಬೊಂಬೆ ನಾಶವಾಗುತ್ತದೆ, ಸೇಡು ತೀರುತ್ತದೆ, ಗಂಗಾ ಉಳಿಯುತ್ತಾಳೆ. ನಂಬುವವರ ನಂಬಿಕೆಗೆ ಅವಮಾನವಾಗದಂತೆ ರೋಗಿಯನ್ನು ಪಾರುಮಾಡುವ ದಾರಿಯಿದು.

ಹಾಗಾದರೆ ವೈದ್ಯಶಾಸ್ತ್ರ ಇದನ್ನು ಒಪ್ಪುತ್ತದೆಯೆ? ಅರ್ಧ ಮಾತ್ರ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿ ಇದನ್ನು ‘ಬಹುವ್ಯಕ್ತಿತ್ವ’ದ ಕಾಯಿಲೆಯೆಂದು ಪಟ್ಟಿ ಮಾಡಿತು. 1994ರಲ್ಲಿ ಹೆಸರು ಬದಲಾಯಿತು. ಒಬ್ಬರೊಳಗೆ ಹಲವರು ಇರುವುದಲ್ಲ, ಒಬ್ಬರ ‘ನಾನು’ ಎಂಬ ಅರಿವೇ ತುಂಡಾಗಿರುವುದು ಎಂಬ ತಿಳಿವಳಿಕೆಯಿಂದ ಹೊಸ ಹೆಸರು ಬಂತು. ಬಾಲ್ಯದಲ್ಲಿ ಸಹಿಸಲಾಗದಂಥ ನೋವು ಉಂಡವರಲ್ಲಿ ಇದು ಹೆಚ್ಚು ಕಾಣುತ್ತದೆ ಎಂದು ಬಹಳ ವೈದ್ಯರು ಹೇಳುತ್ತಾರೆ. ಕಾಯಿಲೆಯ ಸ್ವರೂಪದ ಬಗ್ಗೆ ಅವರಲ್ಲೇ ವಾದವೂ ಇದೆ. ನಮ್ಮ ದೇಶದಲ್ಲಿ ಈ ಬಿರುಕು ಹಲವು ಹೆಸರಿನ ವ್ಯಕ್ತಿಗಳಾಗಿ ಕಾಣಿಸುವುದಕ್ಕಿಂತ ‘ಮೈಮೇಲೆ ಬರುವ’ ರೂಪದಲ್ಲಿ ಕಾಣಿಸುವುದೇ ಹೆಚ್ಚು. ಆ ಮಟ್ಟಿಗೆ ಗಂಗಾ ನಮ್ಮ ನೆಲದ ರೋಗಿಯೇ. ಸ್ಕಿಜೋಫ್ರೇನಿಯಾ ಎಂದರೆ ಇದೇ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅದು ಬೇರೆಯೇ ಕಾಯಿಲೆ, ಅದರಲ್ಲಿ ಇಬ್ಬರು ಮನುಷ್ಯರಿರುವುದಿಲ್ಲ.

ಚಿತ್ರ ತಪ್ಪುವುದು ಚಿಕಿತ್ಸೆಯಲ್ಲಿ. ಒಂದು ರಾತ್ರಿಯ ನಾಟಕದಿಂದ ಯಾರೂ ಗುಣವಾಗುವುದಿಲ್ಲ. ರೋಗಿಯನ್ನು ಹೀಗೆ ಸೇಡಿಗೆ ಕೆರಳಿಸುವ ವೈದ್ಯನೂ ಇರಲಾರ. ನಿಜವಾದ ಚಿಕಿತ್ಸೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂತು ಮಾತನಾಡುವ ಕೆಲಸ. ರೋಗಿಗೆ ಮೊದಲು ಬೇಕಾದ್ದು ತಾನು ಸುರಕ್ಷಿತ ಎಂಬ ಭರವಸೆ. ಇಂಥವರೆಲ್ಲ ಕೊಲ್ಲಲು ಹೊರಡುತ್ತಾರೆಂಬುದೂ ಸಿನಿಮಾದ ಅತಿಶಯೋಕ್ತಿ. ಅವರು ಇತರರಿಗಿಂತ ಹೆಚ್ಚಾಗಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಅಪಾಯವಿದೆ.

ಕನ್ನಡ ಚಿತ್ರರಂಗ ಮನೋರೋಗದ ಕತೆಯನ್ನು ಮೊದಲ ಬಾರಿಗೆ ಹೇಳಿದ್ದೇನೂ ಆಗ ಅಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲೇ ‘ಶರಪಂಜರ’ ಮಾಡಿದ್ದರು. ಕಲ್ಪನಾ ನಟಿಸಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ, ನೆಂಟರು, ನೆರೆಹೊರೆ ಯಾರೂ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ‘ಹುಚ್ಚಿ’ ಎಂಬ ಹೆಸರೇ ಅವಳನ್ನು ಮತ್ತೆ ಕೆಡವುತ್ತದೆ. ಅದು ದುರಂತ, ಇದು ವಿನೋದ. ಗಂಗಾಗೆ ಗಂಡನ ಕೈ ಸಿಕ್ಕಿತು, ಗೆಳೆಯನ ಬುದ್ಧಿ ಸಿಕ್ಕಿತು. ಕಾವೇರಿಗೆ ಸಿಗದ ಮನೆ ಇವಳಿಗೆ ಸಿಕ್ಕಿತು. ಎರಡೂ ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ಒಂದೇ ಮಾತು ಕೇಳಿಸುತ್ತದೆ: ರೋಗಿ ಉಳಿಯುವುದು ಔಷಧದಷ್ಟೇ ಮನೆಯವರ ನಡತೆಯಿಂದ.

ಗಂಗಾಳ ಪಾತ್ರಕ್ಕೆ ಸಿಕ್ಕ ಮೆಚ್ಚುಗೆಯನ್ನು ಕಾಣಲು ಸೌಂದರ್ಯಾ ಇರಲಿಲ್ಲ. 2004ರ ಏಪ್ರಿಲ್ 17ರಂದು, ಚಿತ್ರ ಬಿಡುಗಡೆಯಾಗುವ ಮೊದಲೇ, ಬೆಂಗಳೂರಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ವಿಷ್ಣುವರ್ಧನ್ 2009ರಲ್ಲಿ, ದ್ವಾರಕೀಶ್ 2024ರಲ್ಲಿ ಹೋದರು. ನಾಗವಲ್ಲಿ ಮಾತ್ರ ಉಳಿದಿದ್ದಾಳೆ. ಹೇಗೆ ಉಳಿದಿದ್ದಾಳೆ ನೋಡಿ. ಹೆಂಡತಿ ಸಿಟ್ಟಾದರೆ ‘ನಾಗವಲ್ಲಿ ಬಂದಳು’ ಎಂದು ಗಂಡ ನಗುತ್ತಾನೆ. ಕೂದಲು ಬಿಚ್ಚಿ ಹಾಕಿದ ಹುಡುಗಿಗೆ ಗೆಳತಿಯರು ಅದೇ ಹೆಸರಿಡುತ್ತಾರೆ. ಚಿತ್ರ ಯಾರನ್ನು ನಗೆಯಿಂದ ಕಾಪಾಡಿತ್ತೋ ಅವಳ ಕಡೆಗೇ ನಾವು ನಗೆಯನ್ನು ತಿರುಗಿಸಿಬಿಟ್ಟಿದ್ದೇವೆ.

ಹಾಗೆಂದು ಏನೂ ಬದಲಾಗಿಲ್ಲ ಎನ್ನುವಂತಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆನ್ನುವ ಕಾನೂನನ್ನು ಕರ್ನಾಟಕ 2017ರಲ್ಲಿ ಮಾಡಿತು. 2020ರಲ್ಲಿ ಅದು ಜಾರಿಗೆ ಬಂತು. 2022ರಿಂದ 14416 ಸಂಖ್ಯೆಗೆ ಫೋನು ಮಾಡಿದರೆ ಮನಸ್ಸಿನ ಕಾಯಿಲೆಗೆ ಉಚಿತ ಸಲಹೆ ಸಿಗುತ್ತದೆ. ಪಾಲಹಳ್ಳಿಯ ಸೊಸೆಗೂ ಬೆಂಗಳೂರಿನ ಸೊಸೆಗೂ ಸಂಖ್ಯೆ ಒಂದೇ. ಆದರೆ ಆ ಫೋನು ಮಾಡಬೇಕಾದವರು ಮನೆಯವರು. ಮುಂದಿನ ಸಲ ‘ಗಾಳಿ ಮೆಟ್ಟಿಕೊಂಡಿದೆ’ ಎಂಬ ಮಾತು ಕಿವಿಗೆ ಬಿದ್ದಾಗ ಬೇವಿನ ಸೊಪ್ಪಿಗೆ ಓಡುವ ಮೊದಲು ಆಕೆಯ ಪಕ್ಕದಲ್ಲಿ ಕೂತು, ‘ಏನಾಯ್ತವ್ವಾ?’ ಎಂದು ಒಬ್ಬರು ಕೇಳಿದರೆ ಸಾಕು. ಆಪ್ತಮಿತ್ರ ಎಂಬ ಮಾತಿನ ಅರ್ಥವೂ ಅಷ್ಟೇ ಅಲ್ಲವೆ?