ಬಂಕಾಪುರದ ತೋಳಗಳ ಸೀಮೆ

ಕೊಪ್ಪಳ ಜಿಲ್ಲೆಗೆ ಬರುವ ಪ್ರವಾಸಿಗರ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ: ಅಂಜನಾದ್ರಿ, ಆನೆಗೊಂದಿ, ಸಾಣಾಪುರದ ಕೆರೆ, ಬಿಡುವಿದ್ದರೆ ಇಟಗಿಯ ಮಹಾದೇವ ದೇಗುಲ. ತಾವರಗೇರಾ, ಕನಕಗಿರಿ ಕಡೆಯ ಕುರುಚಲು ಬಯಲು ಅವರ ಪಾಲಿಗೆ ಬಸ್ಸಿನ ಕಿಟಕಿಯಾಚೆ ಓಡುವ ಪಾಳು ನೆಲ, ಅಷ್ಟೇ. ಆದರೆ ತೋಳಕ್ಕೆ ಬೇಕಾದದ್ದು ಇಂಥ ನೆಲವೇ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಬಯಲು ಈಗ ತೋಳಧಾಮ. ತೋಳಕ್ಕೆಂದೇ ಮೀಸಲಾದ ದೇಶದ ಮೊದಲ ಧಾಮ 1976ರಲ್ಲಿ ಇಂದಿನ ಜಾರ್ಖಂಡದ ಮಹುವಾಡಾಂಡ್‌ನಲ್ಲಿ ಆಯಿತು, ಎರಡನೆಯದು ಬಂಕಾಪುರ. 2025ರಲ್ಲಿ ಇಲ್ಲಿ ತೋಳವೊಂದು 8 ಮರಿ ಹಾಕಿದ್ದು ರಾಜ್ಯದಲ್ಲೆಲ್ಲ ಸುದ್ದಿಯಾಯಿತು.

ಹುಲಿಗೆ ದಟ್ಟ ಕಾಡು ಬೇಕು. ತೋಳ ಹಾಗಲ್ಲ. ದೂರಕ್ಕೆ ಕಣ್ಣು ಹಾಯುವ ಬಯಲು, ಮರಿ ಹಾಕಲು ಹಳ್ಳದ ದಂಡೆಯ ಬಿಲ ಇಲ್ಲವೆ ಬಂಡೆಯ ಸಂದು, ಬೇಟೆಗೆ ಮೊಲ, ಇಲಿ, ಆಗಾಗ ಒಂದು ಕುರಿ ಇದ್ದರೆ ಸಾಕು. ಈ ಕುರಿಯೇ ಕಥೆಯ ತೊಡಕು. ಹೊಲದಿಂದ ಹೊಲಕ್ಕೆ ಹಿಂಡು ಹೊಡೆದುಕೊಂಡು ಹೋಗಿ, ರಾತ್ರಿ ಗೊಬ್ಬರಕ್ಕಾಗಿ ರೈತರ ಹೊಲದಲ್ಲಿ ಕುರಿ ತರುಬುವ ಕುರಿಗಾಹಿಗಳಿಗೆ ತೋಳ ಹೊಸಬನಲ್ಲ. ನಾಯಿ, ಬಡಿಗೆ, ಎಚ್ಚರ ಇವೇ ಅವರ ಕಾವಲು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವಂತಿಲ್ಲ. ಕುರಿ ಸತ್ತ ನಷ್ಟವನ್ನು ಬಡವನೊಬ್ಬನೇ ಹೊರುವಂತೆಯೂ ಆಗಬಾರದು. ಪರಿಹಾರದ ಹಣ ಬೇಗ ಕೈಸೇರುವುದು ಬೇಲಿಗಿಂತ ದೊಡ್ಡ ರಕ್ಷಣೆ. ಊರನಾಯಿಗಳಿಂದ ಅಂಟುವ ರೋಗ, ಅವುಗಳೊಂದಿಗೆ ಬೆರಕೆಯಾಗುವ ತಳಿ, ಬಯಲನ್ನೇ ನುಂಗುವ ಕಲ್ಲುಗಣಿ ಇವು ತೋಳಕ್ಕೆ ಕುರಿಗಾಹಿಯ ಬಡಿಗೆಗಿಂತ ಹೆಚ್ಚು ಅಪಾಯ.

ತುಂಗಭದ್ರೆಯ ಕಡೆ ಇಳಿದರೆ ಇನ್ನೊಂದು ಲೋಕ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆಂದೇ ಇಂಥ ಮೀಸಲು ದೇಶದಲ್ಲಿ ಅದೇ ಮೊದಲು. ಬೆಳಗಿನ ಹೊತ್ತು ದಂಡೆಯ ಬಂಡೆ ಮೇಲೆ ಸದ್ದಿಲ್ಲದೆ ಕೂತರೆ ಮೀನು ಹಿಡಿದು ಮೇಲೇಳುವ ಗುಂಪು ಕಾಣುವ ಸಾಧ್ಯತೆ ಉಂಟು.

ನಡೆಯುವ ಹುಮ್ಮಸ್ಸಿನವರಿಗೆ ಹಿರೇಬೆಣಕಲ್ ಗುಡ್ಡವಿದೆ. ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳನ್ನು ಊರವರು ಮೋರ್ಯರ ಮನೆಗಳೆನ್ನುತ್ತಾರೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಏರು ಕಲ್ಲುದಾರಿ, ನೆರಳು ಕಡಿಮೆ. ನೀರು ಕಟ್ಟಿಕೊಂಡು ನಸುಕಿನಲ್ಲೇ ಹೊರಡಬೇಕು. ಬಂಡೆ ಹತ್ತುವವರಿಗೆ, ಹರಿಗೋಲಿನಲ್ಲಿ ಸುತ್ತುವವರಿಗೆ ಸಾಣಾಪುರ ಇದ್ದೇ ಇದೆ.

ಗಂಗಾವತಿಗೆ ರೈಲಿದೆ, 2025ರ ಮೇ ತಿಂಗಳಿಂದ ಕುಷ್ಟಗಿಗೂ ರೈಲು ಬಂದಿದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ತೋಳಧಾಮದ ಕಡೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ದಾರಿ ಬಲ್ಲ ಸ್ಥಳೀಯರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿ ತಪ್ಪದೆ ಕೊಡಿ. ತೋಳ ಕಾಣದಿದ್ದರೆ ಬೇಸರ ಬೇಡ. ಬಿಲದ ಹತ್ತಿರ ಹೋಗಿ ಮರಿಗಳ ಫೋಟೊ ತೆಗೆಯುವ ಆಸೆಯನ್ನಂತೂ ಊರಲ್ಲೇ ಬಿಟ್ಟು ಬನ್ನಿ.