ಹತ್ತು ವರ್ಷಗಳ ಹಾಡು

೨೦೦೭ನೆಯ ಇಸವಿಯ ಫೆಬ್ರವರಿ ತಿಂಗಳು. ದಕ್ಷಿಣ ಕೊರಿಯಾದ ದೂರದರ್ಶನ ವೇದಿಕೆಯೊಂದರ ಮೇಲೆ ಐದು ಮಂದಿ ಹುಡುಗಿಯರು ಹಾಡಿ ಕುಣಿದರು. ಅವರಲ್ಲಿ ಹಿರಿಯರಿಬ್ಬರಿಗೆ ಹದಿನೇಳು ವರ್ಷ. ಕಿರಿಯರು ಮೂವರಿಗೆ ಇನ್ನೂ ಹದಿನಾಲ್ಕು. ಎಂದರೆ ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿ ಕುಳಿತಿರಬೇಕಾದ ವಯಸ್ಸು. ತಂಡದ ಹೆಸರು 'ವಂಡರ್ ಗರ್ಲ್ಸ್', ಅಚ್ಚರಿಯ ಹುಡುಗಿಯರು ಎಂದು ಅರ್ಥ. ಸುನ್ಯೆ, ಯೆಉನ್, ಸುನ್ಮಿ, ಸೊಹೀ, ಹ್ಯೊನಾ ಎಂಬುವು ಆ ಐವರ ಹೆಸರುಗಳು. ಆ ದಿನ ಅವರನ್ನು ನೋಡಿದವರು ಮೆಚ್ಚಿದರು, ಅಷ್ಟೆ. ದೇಶವೇನೂ ತಿರುಗಿ ನೋಡಲಿಲ್ಲ.

ಕೊರಿಯಾದಲ್ಲಿ ಇಂತಹ ತಂಡಗಳು ಗೆಳತಿಯರು ಸೇರಿ ತಾವಾಗಿ ಕಟ್ಟಿಕೊಂಡವುಗಳಲ್ಲ. ಅವುಗಳನ್ನು ಕಟ್ಟುವುದೇ ವೃತ್ತಿಯಾಗಿರುವ ಕಂಪನಿಗಳು ಅಲ್ಲಿವೆ. ಇಂಪಾದ ಕಂಠ, ಚುರುಕಾದ ಕಾಲು, ನೋಡಲು ಲಕ್ಷಣವಾದ ಮುಖ ಇರುವ ಎಳೆಯರನ್ನು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ. ಅನಂತರ ವರ್ಷಗಟ್ಟಲೆ ಅಭ್ಯಾಸ ನಡೆಯುತ್ತದೆ. ಹಾಡು, ನೃತ್ಯ, ಪರಭಾಷೆ, ಕ್ಯಾಮೆರಾದ ಮುಂದೆ ನಿಲ್ಲುವ ರೀತಿ, ಇವೆಲ್ಲವೂ ಪಾಠಗಳೇ. ಬೆಳಗ್ಗೆ ಶಾಲೆ, ಸಂಜೆಯಿಂದ ರಾತ್ರಿಯವರೆಗೆ ತಾಲೀಮು. ತಂಡ ಕಟ್ಟಿದ ಮೇಲೆ ಒಂದೇ ಮನೆಯಲ್ಲಿ ಎಲ್ಲರ ವಾಸ. ವಂಡರ್ ಗರ್ಲ್ಸ್ ತಂಡದ ನಾಯಕಿಯಾದ ಸುನ್ಯೆ ೨೦೦೧ರಲ್ಲಿಯೇ ಆಯ್ಕೆಯಾದವಳು. ವೇದಿಕೆ ಏರುವುದಕ್ಕೆ ಅವಳು ಸುಮಾರು ಆರು ವರ್ಷ ಕಾಯಬೇಕಾಯಿತು. ಇದನ್ನು ಕೇಳಿದಾಗ ನಮ್ಮ ಪ್ರಾಚೀನ ಗುರುಕುಲವಾಸ ನೆನಪಿಗೆ ಬಂದೀತು. ಆದರೆ ಗುರುಕುಲದಲ್ಲಿ ಕರಾರು ಪತ್ರ ಇರುತ್ತಿರಲಿಲ್ಲ!

ಇಲ್ಲಿ ಕರಾರು ಪತ್ರವುಂಟು. ತರಬೇತಿಗೆ ತಗಲುವ ವೆಚ್ಚವನ್ನು ಕಂಪನಿಯು ಮೊದಲು ತಾನೇ ಭರಿಸಿ, ಮುಂದೆ ತಂಡದ ಗಳಿಕೆಯಿಂದ ಪಡೆದುಕೊಳ್ಳುತ್ತದೆ. ಯಾವ ಹಾಡು ಹಾಡಬೇಕು, ಯಾವ ಉಡುಪು ಧರಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವುದೂ ಹೆಚ್ಚಾಗಿ ಕಂಪನಿಯೇ. ಯುವಕರ ತಂಡವೊಂದರ ಮೂವರು ಗಾಯಕರು ತಮ್ಮ ಹದಿಮೂರು ವರ್ಷಗಳ ಕರಾರನ್ನು ಪ್ರಶ್ನಿಸಿ ೨೦೦೯ರಲ್ಲಿ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಆ ದೇಶದ ವಾಣಿಜ್ಯ ನ್ಯಾಯ ಆಯೋಗವು ಕರಾರುಗಳ ಮಾದರಿಯೊಂದನ್ನು ಸಿದ್ಧಪಡಿಸಿ, ಏಳು ವರ್ಷಗಳ ಮಿತಿಯನ್ನು ಸೂಚಿಸಿತು. ಆ ಬಳಿಕ ಕೊರಿಯಾದ ಅನೇಕ ತಂಡಗಳು ಏಳನೆಯ ವರ್ಷದ ಸುಮಾರಿಗೆ ಚದುರಿಹೋಗಿರುವುದಕ್ಕೆ ಇದೂ ಒಂದು ಕಾರಣ.

ವಂಡರ್ ಗರ್ಲ್ಸ್ ತಂಡವನ್ನು ರೂಪಿಸಿದವರು ಪಾರ್ಕ್ ಜಿನ್‌ಯಂಗ್. ಅವರು ಸ್ವತಃ ಗಾಯಕರು, ಸಂಗೀತ ಸಂಯೋಜಕರು, ಜೊತೆಗೆ ಕಂಪನಿಯ ಸಂಸ್ಥಾಪಕರು. ತಂಡದ ಹಾಡುಗಳನ್ನು ಬಹುಮಟ್ಟಿಗೆ ಅವರೇ ರಚಿಸುತ್ತಿದ್ದರು. ೨೦೦೭ರ ಜುಲೈನಲ್ಲಿ ಹ್ಯೊನಾ ಅನಾರೋಗ್ಯದ ಕಾರಣದಿಂದ ತಂಡವನ್ನು ಬಿಟ್ಟಳು. ಆಕೆಯ ಸ್ಥಾನಕ್ಕೆ ಯೂಬಿನ್ ಬಂದಳು. ಅದರ ಬೆನ್ನಿಗೇ, ಸೆಪ್ಟೆಂಬರಿನಲ್ಲಿ, 'ಟೆಲ್ ಮಿ' ಎಂಬ ಗೀತೆ ಹೊರಬಂದಿತು.

ಆ ಹಾಡಿನಲ್ಲಿ ದೊಡ್ಡ ಪಾಂಡಿತ್ಯವೇನೂ ಇರಲಿಲ್ಲ. ಅಮೆರಿಕದ ೧೯೮೬ರ ಹಾಡೊಂದರ ತುಣುಕನ್ನು ತೆಗೆದುಕೊಂಡು, ಅದರ ಮೇಲೆ ಹೊಸ ಧಾಟಿಯನ್ನು ಕಟ್ಟಲಾಗಿತ್ತು. ಪಲ್ಲವಿಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ನೃತ್ಯವೂ ಸರಳ, ಒಮ್ಮೆ ನೋಡಿದವರು ಮನೆಯ ಕನ್ನಡಿಯ ಮುಂದೆ ನಿಂತು ಮಾಡಬಹುದಾದಂತಹುದು. ಈ ಸರಳತೆಯೇ ಅದರ ಬಲವಾಯಿತು. ಶಾಲೆಯ ಮಕ್ಕಳು, ಪೊಲೀಸರು, ಸೈನಿಕರು ಸಹ ಸಾಲಾಗಿ ನಿಂತು ಆ ನೃತ್ಯವನ್ನು ಮಾಡಿ, ಅದನ್ನು ಚಿತ್ರೀಕರಿಸಿ ಇತರರಿಗೆ ತೋರಿಸತೊಡಗಿದರು. ಹಾಡು ಕೇಳುವ ವಸ್ತುವಾಗಿದ್ದುದು ಆಡುವ ಆಟವಾಯಿತು. ಮರುವರ್ಷ 'ಸೋ ಹಾಟ್', ಅದರ ಹಿಂದೆಯೇ 'ನೋಬಡಿ' ಬಂದುವು. ೧೯೬೦ರ ದಶಕದ ಅಮೆರಿಕದ ಗಾಯಕಿಯರಂತೆ ಹೊಳೆಯುವ ಉಡುಪು ಧರಿಸಿ, ಚಪ್ಪಾಳೆ ತಟ್ಟಿ, ಬೆರಳು ತೋರಿಸಿ ಹಾಡಿದ ಆ ಗೀತೆಯಿಂದ ತಂಡವು ಕೊರಿಯಾದ ಮನೆಮಾತಾಯಿತು. ಎರಡು ವರ್ಷದೊಳಗೆ ಇಷ್ಟು ಎತ್ತರಕ್ಕೆ ಏರಿದವರು ವಿರಳ.

ಇಷ್ಟಾದ ಮೇಲೆ ಏನು ಮಾಡಬೇಕು? ತವರಿನಲ್ಲಿ ಬೇರೂರಿ ನಿಲ್ಲುವುದು ಒಂದು ದಾರಿ. ಪಾರ್ಕ್ ಅವರು ಇನ್ನೊಂದು ದಾರಿಯನ್ನು ಆರಿಸಿದರು. ಅಮೆರಿಕದಲ್ಲಿ ಗೆಲ್ಲಬೇಕೆಂಬುದು ಅವರ ಬಹುದಿನದ ಹಂಬಲ. ಈ ಹಂಬಲವು ಕೊರಿಯಾಕ್ಕೆ ಹೊಸದಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ಲೀ ನಾನ್‌ಯಂಗ್ ಎಂಬ ಪ್ರಸಿದ್ಧ ಗಾಯಕಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಅಣ್ಣನ ಮಗಳಿಗೂ ಇಂಗ್ಲಿಷ್ ಹಾಡುಗಳನ್ನು ಕಲಿಸಿದ್ದಳು. ಆ ಬಾಲೆಯರಿಗೆ ಹಾಡಿನ ಅರ್ಥ ತಿಳಿಯದು. ಉಚ್ಚಾರಣೆಯನ್ನಷ್ಟೇ ಬಾಯಿಪಾಠ ಮಾಡಿ ಅಮೆರಿಕದ ಸೈನಿಕರ ಮುಂದೆ ಹಾಡುತ್ತಿದ್ದರು. ಕಿಮ್ ಸಹೋದರಿಯರೆಂದು ಹೆಸರಾದ ಆ ಮೂವರು ೧೯೫೯ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರಕ್ಕೆ ಹೋಗಿ, ಅಲ್ಲಿ ದೊಡ್ಡ ಹೆಸರು ಗಳಿಸಿದರು. ಅವರನ್ನು ಕಳುಹಿಸಿದ್ದು ಯುದ್ಧ ತಂದ ಬಡತನ. ವಂಡರ್ ಗರ್ಲ್ಸ್ ತಂಡಕ್ಕೆ ಅಂತಹ ಬಡತನವಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅಂತಹ ಭಾವನೆಯೇನಾದರೂ ಇದ್ದಿರಬಹುದು.

೨೦೦೯ರ ಬೇಸಿಗೆಯಲ್ಲಿ ಐವರೂ ಅಮೆರಿಕಕ್ಕೆ ಹೊರಟರು. ಕಿರಿಯರಾದ ಸೊಹೀ ಮತ್ತು ಸುನ್ಮಿ ಇದಕ್ಕಾಗಿ ಪ್ರೌಢಶಾಲೆಯ ಓದನ್ನೇ ಬಿಡಬೇಕಾಯಿತು. ಅಲ್ಲಿ ಅವರದು ಮುಖ್ಯ ಕಾರ್ಯಕ್ರಮವಲ್ಲ. ಜೋನಸ್ ಬ್ರದರ್ಸ್ ಎಂಬ ಸೋದರರ ತಂಡದ ಗಾಯನಕ್ಕೆ ಮೊದಲು ಒಂದಿಷ್ಟು ಹೊತ್ತು ಹಾಡುವುದಷ್ಟೇ ಅವರ ಪಾಲಿಗೆ ಬಂದದ್ದು. ಊರಿಂದೂರಿಗೆ ಪ್ರಯಾಣ. ತಮ್ಮ ಹೆಸರನ್ನೇ ಕೇಳಿರದ ಜನರ ಮುಂದೆ ಇಂಗ್ಲಿಷಿಗೆ ತಿರುಗಿಸಿದ 'ನೋಬಡಿ'. ಆ ಗೀತೆಯ ಮುದ್ರಿಕೆಯನ್ನು ಹೆಣ್ಣುಮಕ್ಕಳ ಉಡುಪಿನ ಅಂಗಡಿಗಳಲ್ಲಿಯೂ ಅಲ್ಪ ಬೆಲೆಗೆ ಮಾರಲಾಯಿತು. ಅಕ್ಟೋಬರಿನಲ್ಲಿ ಫಲ ದೊರೆಯಿತು. ಅಮೆರಿಕದ 'ಬಿಲ್‌ಬೋರ್ಡ್' ಪತ್ರಿಕೆಯು ವಾರ ವಾರವೂ ಪ್ರಕಟಿಸುವ ನೂರು ಗೀತೆಗಳ ಪಟ್ಟಿಯಲ್ಲಿ 'ನೋಬಡಿ' ೭೬ನೆಯ ಸ್ಥಾನವನ್ನು ಪಡೆಯಿತು. ಆ ಪಟ್ಟಿಯನ್ನು ಸೇರಿದ ಮೊದಲ ಕೊರಿಯನ್ ತಂಡ ಅವರದೇ.

ಎಪ್ಪತ್ತಾರನೆಯ ಸ್ಥಾನವೆಂದರೆ ಸಣ್ಣದೆಂದು ನಗಬಾರದು. ಹನ್ನೊಂದು ವರ್ಷಗಳ ಬಳಿಕ, ೨೦೨೦ರಲ್ಲಿ, ಬಿ.ಟಿ.ಎಸ್. ಎಂಬ ಕೊರಿಯದ ಯುವಕರ ತಂಡವು ಅದೇ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಬಾಗಿಲು ಇಲ್ಲದ ಗೋಡೆಯಲ್ಲಿ ಮೊದಲ ಕಲ್ಲನ್ನು ಕಿತ್ತವರು ಈ ಹುಡುಗಿಯರು. ಆದರೆ ಅದಕ್ಕೆ ಅವರು ತೆತ್ತ ಬೆಲೆ ಕಡಮೆಯದಲ್ಲ. ಅವರು ದೂರದೇಶದಲ್ಲಿ ಅಲೆಯುತ್ತಿದ್ದಾಗ ತವರಿನ ವೇದಿಕೆ ಬರಿದಾಗಿರಲಿಲ್ಲ. ಒಂಬತ್ತು ಮಂದಿಯ 'ಗರ್ಲ್ಸ್ ಜನರೇಶನ್' ಮೊದಲಾದ ತಂಡಗಳು ಕೊರಿಯದ ಜನರ ಪ್ರೀತಿಯನ್ನು ಗಳಿಸಿಕೊಂಡುವು. ೨೦೧೦ರ ಆರಂಭದಲ್ಲಿ ಸುನ್ಮಿ ಓದನ್ನು ಮುಂದುವರಿಸಬೇಕೆಂದು ತಂಡದಿಂದ ಹೊರನಡೆದಳು. ಅವಳ ಸ್ಥಾನಕ್ಕೆ ಹೇರಿಮ್ ಸೇರಿದಳು. ಆ ಬಳಿಕವೂ ಒಳ್ಳೆಯ ಹಾಡುಗಳು ಬಂದುವು. 'ಬಿ ಮೈ ಬೇಬಿ' ಜನಪ್ರಿಯವೂ ಆಯಿತು. ಮೊದಲಿನ ಉಬ್ಬರ ಮಾತ್ರ ಮರಳಲಿಲ್ಲ.

೨೦೧೩ರ ಜನವರಿಯಲ್ಲಿ ನಾಯಕಿ ಸುನ್ಯೆ ಮದುವೆಯಾಗಿ ಕೆನಡಾಕ್ಕೆ ಹೋದಳು. ತಂಡವು ಮೌನವಾಯಿತು. ಅದೇ ವರ್ಷದ ಕೊನೆಗೆ ಸೊಹೀ ಕರಾರು ಮುಗಿಸಿಕೊಂಡು ಅಭಿನಯದತ್ತ ತಿರುಗಿದಳು. ಇಷ್ಟಕ್ಕೆ ಕಥೆ ಮುಗಿಯಿತೆಂದೇ ಬಹುಮಂದಿ ತಿಳಿದರು.

ಆದರೆ ಮೌನದ ಆ ಅವಧಿಯಲ್ಲಿ ಉಳಿದವರು ಸುಮ್ಮನೆ ಕುಳಿತಿರಲಿಲ್ಲ. ಅವರು ವಾದ್ಯಗಳನ್ನು ಕೈಗೆತ್ತಿಕೊಂಡಿದ್ದರು. ೨೦೧೫ರ ಆಗಸ್ಟಿನಲ್ಲಿ ತಂಡವು ಮತ್ತೆ ಕಾಣಿಸಿಕೊಂಡಾಗ ಯೂಬಿನ್ ಡ್ರಮ್ಮಿನ ಹಿಂದೆ ಕುಳಿತಿದ್ದಳು. ಯೆಉನ್ ಕೀಬೋರ್ಡಿನ ಮುಂದೆ, ಹೇರಿಮ್ ಗಿಟಾರ್ ಹಿಡಿದು. ಬೇಸ್ ಗಿಟಾರ್ ಹಿಡಿದು ನಿಂತವಳು ಮರಳಿ ಬಂದ ಸುನ್ಮಿ! ಆ ಸಂಪುಟದ ಮುಖ್ಯ ಗೀತೆ ಪಾರ್ಕ್ ಅವರದೇ. ಮಿಕ್ಕ ಹಾಡುಗಳ ರಚನೆಯಲ್ಲಿ ಹುಡುಗಿಯರ ಕೈಯಿತ್ತು. ಮರುವರ್ಷ ಬಂದ 'ವೈ ಸೋ ಲೋನ್ಲಿ' ಎಂಬ ಗೀತೆಗೆ ಸುನ್ಮಿ ಮತ್ತು ಹೇರಿಮ್ ಇನ್ನೊಬ್ಬ ಸಂಯೋಜಕರೊಡನೆ ಸೇರಿ ತಾವೇ ರಾಗ ಹಾಕಿದರು. ತಂಡದ ಮುಖ್ಯ ಗೀತೆಯೊಂದು ಪಾರ್ಕ್ ಅವರ ರಚನೆಯಲ್ಲದಿದ್ದುದು ಅದೇ ಮೊದಲು. ಅದು ಕೊರಿಯದ ಗೀತೆಗಳ ಪಟ್ಟಿಯ ತುದಿಗೇರಿತು. ಇತರರು ಬರೆದುಕೊಟ್ಟುದನ್ನು ಒಂಬತ್ತು ವರ್ಷ ಹಾಡಿದವರು ತಮ್ಮದೇ ಹಾಡಿನಿಂದ ಗೆದ್ದರು. ತಂಡದ ಬಾಳಿನಲ್ಲಿ ಅಮೆರಿಕದ ಪಟ್ಟಿಗಿಂತ ಇದೇ ದೊಡ್ಡ ಘಟನೆಯೆಂದು ತೋರುತ್ತದೆ.

ಆರು ತಿಂಗಳಲ್ಲಿ ಕರಾರಿನ ಅವಧಿ ತೀರಿತು. ಯೆಉನ್ ಮತ್ತು ಸುನ್ಮಿ ಅದನ್ನು ನವೀಕರಿಸಲಿಲ್ಲ. ಯೂಬಿನ್ ಮತ್ತು ಹೇರಿಮ್ ಕಂಪನಿಯಲ್ಲಿಯೇ ಉಳಿದರು. ತಂಡವನ್ನು ವಿಸರ್ಜಿಸಲಾಗುವುದೆಂದು ೨೦೧೭ರ ಜನವರಿ ೨೬ರಂದು ಪ್ರಕಟಣೆ ಹೊರಬಿದ್ದಿತು. ಮೊದಲ ಬಾರಿ ವೇದಿಕೆ ಏರಿ ಸರಿಯಾಗಿ ಹತ್ತು ವರ್ಷ ತುಂಬಿದ ಫೆಬ್ರವರಿ ೧೦ರಂದು 'ಡ್ರಾ ಮಿ' ಎಂಬ ಕೊನೆಯ ಗೀತೆಯನ್ನು ಅಭಿಮಾನಿಗಳಿಗೆ ಒಪ್ಪಿಸಿ ಅವರು ಬೇರೆ ಬೇರೆಯಾದರು. ಆ ವರ್ಷದ ಆಗಸ್ಟಿನಲ್ಲಿ ಸುನ್ಮಿ ಒಬ್ಬಳೇ ವೇದಿಕೆಗೆ ಬಂದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ನಾಲ್ವರ ನಡುವೆ ನಿಂತು ಹಾಡಿದ್ದವಳಿಗೆ ಆಗ ಇಪ್ಪತ್ತೈದು ತುಂಬಿತ್ತು.